ದುಬೈನಲ್ಲಿ ಸಂಸಾರಕ್ಕೊಂದು ಮನೆ: ಕರಾಮಾ, ಅಲ್ ನಹ್ದಾ, ಡಿಸ್ಕವರಿ ಗಾರ್ಡನ್ಸ್, ಶಾರ್ಜಾ – ಯಾವುದು ಯಾರಿಗೆ?

ದುಬೈನಲ್ಲಿ ಕೆಲಸ ಸಿಕ್ಕವರು ಮನೆ ಹುಡುಕಲು ಕುಳಿತಾಗ ನಕ್ಷೆಯಲ್ಲಿ ಮೊದಲು ಕಚೇರಿಯನ್ನು ಗುರುತಿಸಿ, ಅದರ ಸುತ್ತಮುತ್ತ ಬಾಡಿಗೆ ವಿಚಾರಿಸುತ್ತಾರೆ. ಒಂಟಿಯಾಗಿ ಬರುವವರಿಗೆ ಅಷ್ಟು ಸಾಕು, ಸಂಸಾರ ಸಮೇತ ಬರುವವರಿಗೆ ಸಾಲದು. ಸಂಬಳ ತರುವವರು ಬೆಳಿಗ್ಗೆ ಏಳಕ್ಕೆ ಹೊರಟು ಕತ್ತಲಾದ ಮೇಲೆ ಮರಳುತ್ತಾರೆ. ಆ ಬಡಾವಣೆಯಲ್ಲಿ ಹಗಲು ಕಳೆಯುವವರು ಬೇರೆಯವರು. ತರಕಾರಿ ತರುವುದು, ಶಾಲಾ ಬಸ್ಸಿಗೆ ಕಾಯುವುದು, ಜ್ವರ ಬಂದ ಮಗುವನ್ನು ಕ್ಲಿನಿಕ್ಕಿಗೆ ಕರೆದೊಯ್ಯುವುದು, ಸಂಜೆ ಒಂದಿಷ್ಟು ಹೊತ್ತು ಹೊರಗೆ ಆಡಿಸುವುದು ಎಲ್ಲವೂ ಅವರ ಪಾಲಿಗೆ ಬರುತ್ತವೆ. ಆದ್ದರಿಂದ ಕಾರಿಲ್ಲದೆ ಹಗಲು ಕಳೆಯುವ ಆ ವ್ಯಕ್ತಿಯನ್ನು ಮುಂದಿಟ್ಟುಕೊಂಡು ಬಡಾವಣೆಯನ್ನು ಆರಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಕಚೇರಿಗೆ ಹೋಗುವವರ ದಾರಿ ಅರ್ಧ ಗಂಟೆ ಉದ್ದವಾದರೆ ಆಗಲಿ.

ಕಾರಿಲ್ಲದೆ ಎಂದದ್ದಕ್ಕೆ ಕಾರಣವಿದೆ. ಬ್ರಿಟನ್ನಿನಂತಹ ಕೆಲವು ದೇಶಗಳ ಚಾಲನಾ ಪರವಾನಗಿಯನ್ನು ಇಲ್ಲಿ ನೇರವಾಗಿ ಬದಲಿಸಿಕೊಳ್ಳಬಹುದು. ಭಾರತದ ಪರವಾನಗಿಗೆ ಆ ಮರ್ಯಾದೆ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಹತ್ತು ವರ್ಷ ಕಾರು ಓಡಿಸಿದವರೂ ಚಾಲನಾ ಶಾಲೆಗೆ ಹಣ ಕಟ್ಟಿ ಪರೀಕ್ಷೆ ಎದುರಿಸಬೇಕು. ಬಂದ ಮೊದಲ ವರ್ಷ ಮನೆಯಲ್ಲಿ ಒಬ್ಬರಿಗೆ ಮಾತ್ರ ಪರವಾನಗಿ ಇರುವುದು ಸಾಮಾನ್ಯ, ಇರುವ ಒಂದು ಕಾರೂ ಅವರ ಜೊತೆಗೇ ಹೋಗಿರುತ್ತದೆ. ಬಿಸಿಲಿನ ಪ್ರಶ್ನೆ ಬೇರೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸುವುದನ್ನು ಸರ್ಕಾರವೇ ನಿಷೇಧಿಸಿರುವ ನಾಡು ಇದು. ಜಾಹೀರಾತಿನಲ್ಲಿ 'ಮೆಟ್ರೋಗೆ ಹತ್ತು ನಿಮಿಷದ ನಡಿಗೆ' ಎಂದಿದ್ದರೆ, ಜನವರಿಯಲ್ಲಿ ಅದು ವಿಹಾರ. ಜುಲೈಯಲ್ಲಿ ಕೈಮಗು ಎತ್ತಿಕೊಂಡು ನಡೆಯುವವರಿಗೆ ಅದು ಆಗದ ಮಾತು.

ಬಡಾವಣೆಗಿಂತ ಮೊದಲು ಶಾಲೆ

ಇಲ್ಲಿ ಮನೆ ಸಿಗುವುದು ಕಷ್ಟವಲ್ಲ, ಬೇಕಾದ ಶಾಲೆಯಲ್ಲಿ ಸೀಟು ಸಿಗುವುದು ಕಷ್ಟ. ಹಾಗಾಗಿ ಸೀಟು ಖಚಿತವಾಗುವವರೆಗೆ ವರ್ಷದ ಬಾಡಿಗೆ ಕರಾರಿಗೆ ಸಹಿ ಹಾಕಬೇಡಿ. ತಿಂಗಳ ಲೆಕ್ಕದಲ್ಲಿ ಸಿಗುವ ಪೀಠೋಪಕರಣ ಸಹಿತದ ಮನೆಯಲ್ಲಿ ಮೊದಲು ಇಳಿದುಕೊಳ್ಳಿ. ದುಬಾರಿ ಎನಿಸಿದರೂ ತಪ್ಪು ಬಡಾವಣೆಯಲ್ಲಿ ಒಂದು ವರ್ಷ ಸಿಕ್ಕಿಕೊಳ್ಳುವುದಕ್ಕಿಂತ ಅಗ್ಗ.

ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಗಳಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಬ್ರಿಟಿಷ್ ಪಠ್ಯಕ್ರಮದವುಗಳಲ್ಲಿ ಜುಲೈ–ಆಗಸ್ಟ್‌ನ ಬೇಸಿಗೆ ರಜೆ ಮುಗಿದ ಮೇಲೆ. ನೀವು ಆಗಸ್ಟ್‌ನಲ್ಲಿ ಬಂದಿಳಿದರೆ ಭಾರತೀಯ ಶಾಲೆಯ ತರಗತಿಗಳು ಆಗಲೇ ತುಂಬಿರುತ್ತವೆ, ಯಾರಾದರೂ ಊರಿಗೆ ಮರಳಿ ಜಾಗ ತೆರವಾದರೆ ಉಂಟು. ಶಾಲೆಗಳ ಗುಣಮಟ್ಟದ ತಪಾಸಣಾ ವರದಿ ಮತ್ತು ಶುಲ್ಕದ ವಿವರಗಳನ್ನು ದುಬೈನ ಶಿಕ್ಷಣ ಪ್ರಾಧಿಕಾರ ಕೆಎಚ್‌ಡಿಎ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಪರಿಚಯದವರ ಬಾಯಿಮಾತಿಗಿಂತ ಆ ವರದಿಗಳನ್ನು ನೆಚ್ಚಬಹುದು.

ಶಾಲೆಗಳು ಊರಿಡೀ ಸಮನಾಗಿ ಹರಡಿಲ್ಲ. 1961ರಲ್ಲಿ ಶುರುವಾದ ಇಂಡಿಯನ್ ಹೈಸ್ಕೂಲ್ ಇರುವುದು ಊದ್ ಮೇಥಾದಲ್ಲಿ, ಅಂದರೆ ಕರಾಮಾದ ಪಕ್ಕದಲ್ಲಿ. ಮಿಲೇನಿಯಂ ಶಾಲೆ ಅಲ್ ಕುಸೈಸ್‌ನಲ್ಲಿದೆ, ಅಲ್ ನಹ್ದಾಕ್ಕೆ ಹತ್ತಿರ. ಡೆಲ್ಲಿ ಪ್ರೈವೇಟ್ ಸ್ಕೂಲ್ ಇರುವುದು ನಗರದ ಇನ್ನೊಂದು ತುದಿಯ 'ದಿ ಗಾರ್ಡನ್ಸ್'ನಲ್ಲಿ, ಡಿಸ್ಕವರಿ ಗಾರ್ಡನ್ಸ್‌ನ ನೆರೆಯಲ್ಲಿ. ಈ ಮೂರು ಬಿಂದುಗಳನ್ನು ನಕ್ಷೆಯಲ್ಲಿ ಇಟ್ಟು ನೋಡಿದರೆ ಭಾರತೀಯ ಮಧ್ಯಮ ವರ್ಗದ ಸಂಸಾರಗಳು ಎಲ್ಲೆಲ್ಲಿ ಏಕೆ ಗುಂಪಾಗಿವೆ ಎಂಬುದು ಅರ್ಧ ಅರ್ಥವಾಗುತ್ತದೆ. ಆರೂಕಾಲಿಗೆ ಬಸ್ಸು ಹತ್ತುವ ಆರು ವರ್ಷದ ಮಗು ಮುಕ್ಕಾಲು ಗಂಟೆ ಪ್ರಯಾಣ ಮಾಡುವಂತಾದರೆ ಎಷ್ಟು ಚಂದದ ಈಜುಕೊಳವಿದ್ದರೂ ಆ ಮನೆ ಬೇಡ.

ಕರಾಮಾ, ಬರ್ ದುಬೈ

ಹಳೆಯ ದುಬೈ. ಗಗನಚುಂಬಿಗಳ ಚಿತ್ರ ನೋಡಿ ಬಂದವರಿಗೆ ಕರಾಮಾ ಮೊದಲ ನೋಟಕ್ಕೆ ನಿರಾಸೆ ತರುತ್ತದೆ: ಹೆಚ್ಚು ಎತ್ತರವಿಲ್ಲದ ಹಳೆಯ ಕಟ್ಟಡಗಳು, ಕೆಳಗೆ ಸಾಲು ಅಂಗಡಿ, ಕಿಕ್ಕಿರಿದ ಬೀದಿ. ಆದರೆ ಕಾರಿಲ್ಲದ ವ್ಯಕ್ತಿಯ ಕಣ್ಣಿನಿಂದ ನೋಡಿದರೆ ಇಡೀ ದುಬೈನಲ್ಲಿ ಇದಕ್ಕೆ ಸಾಟಿಯಿಲ್ಲ. ಸೊಪ್ಪು, ತೆಂಗಿನಕಾಯಿ, ಕುಚ್ಚಲಕ್ಕಿ, ದೋಸೆಹಿಟ್ಟು, ಮೀನು, ದರ್ಜಿ, ದಂತವೈದ್ಯ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಕಟ್ಟಡಗಳು ಒತ್ತೊತ್ತಾಗಿರುವುದರಿಂದ ನಡೆಯುವವರಿಗೆ ನೆರಳೂ ಸಿಗುತ್ತದೆ. ಫೋನ್ ಮಾಡಿದರೆ ಕೆಳಗಿನ ಗ್ರೋಸರಿಯವರು ಒಂದು ಕಟ್ಟು ಕೊತ್ತಂಬರಿಯನ್ನೂ ಮೇಲೆ ತಂದುಕೊಡುತ್ತಾರೆ.

ಮೆಟ್ರೋದ ಕೆಂಪು ಮಾರ್ಗ ಬಡಾವಣೆಯ ಅಂಚಿನಲ್ಲೇ ಹಾದುಹೋಗುತ್ತದೆ. ಕೆಂಪು ಮತ್ತು ಹಸಿರು ಮಾರ್ಗಗಳು ಕೂಡುವ ಬರ್ಜುಮಾನ್ ನಿಲ್ದಾಣ ಹತ್ತಿರದಲ್ಲಿದೆ. ರೈಲಿನಲ್ಲಿ ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ಜಾಗವಿದೆ. ಸಂಜೆಗೆ ಜಬೀಲ್ ಪಾರ್ಕ್ ಇದೆ. ಬರ್ ದುಬೈಯ ಮೀನಾ ಬಜಾರ್‌ನಲ್ಲಿ ಮದುವೆ ಸೀರೆಯಿಂದ ಪೂಜೆಯ ಹೂವಿನವರೆಗೆ ಸಿಗುತ್ತದೆ.

ಕುಂದುಗಳೂ ಚಿಕ್ಕವಲ್ಲ. ರಾತ್ರಿ ಎಂಟರ ಮೇಲೆ ಕಾರು ನಿಲ್ಲಿಸಲು ಜಾಗ ಹುಡುಕುತ್ತಾ ನಾಲ್ಕು ಸುತ್ತು ಹಾಕುವುದು ಇಲ್ಲಿನವರ ದಿನಚರಿ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ನಿಧಾನ, ಕೊಳಾಯಿ ಹಳತು, ಜಿರಳೆ ಕಾಟ ಉಂಟು. ಮಕ್ಕಳಿಗೆ ಈಜುಕೊಳ, ಆಟದ ಅಂಗಳ ಇರುವ ಕಟ್ಟಡಗಳು ಕಡಿಮೆ. ಕೆಲವು ಕಟ್ಟಡಗಳಲ್ಲಿ ಒಂದೊಂದು ಫ್ಲ್ಯಾಟಿನಲ್ಲಿ ಹತ್ತಾರು ಜನ ಹಾಸಿಗೆ ಲೆಕ್ಕದಲ್ಲಿ ಇರುತ್ತಾರೆ. ಪಾಪ, ಅವರ ತಪ್ಪೇನಿಲ್ಲ, ಸಂಬಳ ಅಷ್ಟೇ. ಆದರೆ ಲಿಫ್ಟಿನ ಮುಂದೆ ದಿನವೂ ಕಾಯುವವರು ನೀವು. 'ಫ್ಯಾಮಿಲಿ ಬಿಲ್ಡಿಂಗ್' ಎಂದು ದಲ್ಲಾಳಿ ಹೇಳಿದರೆ ನಂಬಿ ಸುಮ್ಮನಾಗಬೇಡಿ. ಕಟ್ಟಡದ ಕಾವಲುಗಾರನನ್ನು, ಇಲ್ಲಿಯ ಮಾತಿನಲ್ಲಿ ನಾತೂರನನ್ನು, ಕೇಳಿ. ಅವನಿಗೆ ಗೊತ್ತಿಲ್ಲದ್ದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಅಲ್ ನಹ್ದಾ, ಅಲ್ ಕುಸೈಸ್

ಮೊದಲು ಒಂದು ಎಚ್ಚರಿಕೆ. ಅಲ್ ನಹ್ದಾ ಎಂಬ ಹೆಸರಿನ ಬಡಾವಣೆಗಳು ಎರಡಿವೆ: ಒಂದು ದುಬೈನದು, ಇನ್ನೊಂದು ಶಾರ್ಜಾದ್ದು. ಅವು ಗಡಿಯ ಆಚೀಚೆ ಒಂದಕ್ಕೊಂದು ಅಂಟಿಕೊಂಡೇ ಇವೆ. ಜಾಹೀರಾತಿನಲ್ಲಿ ಬಾಡಿಗೆ ತೀರಾ ಅಗ್ಗವಾಗಿ ಕಂಡರೆ ಅದು ಶಾರ್ಜಾದ ಅಲ್ ನಹ್ದಾ ಇರಬಹುದು. ಗಡಿ ದಾಟಿದರೆ ಬೇರೆ ಎಮಿರೇಟ್ (ಅಂದರೆ ಬೇರೆ ಆಡಳಿತದ ಪ್ರಾಂತ್ಯ), ಬೇರೆ ಬಾಡಿಗೆ ಕಾನೂನು, ಬೇರೆ ವಿದ್ಯುತ್ ಸಂಸ್ಥೆ.

ದುಬೈ ಬದಿಯ ಅಲ್ ನಹ್ದಾದಲ್ಲಿ ಕರಾಮಾಕ್ಕಿಂತ ಹೊಸದಾದ, ಎತ್ತರದ ಕಟ್ಟಡಗಳಿವೆ. ಕೋಣೆಗಳು ವಿಶಾಲ. ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಒಂದು ಕಾರಿಗೆ ಜಾಗ, ಮೇಲೆ ಈಜುಕೊಳ, ವ್ಯಾಯಾಮಶಾಲೆ ಇರುತ್ತವೆ. ಕೆರೆಯ ಸುತ್ತ ನಡೆದಾಡುವ ಒಂದು ಪಾರ್ಕ್ ಇದೆ. ಸಂಜೆ ಅಲ್ಲಿ ಮಲಯಾಳಂ, ತಮಿಳು, ತುಳು, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಭಾರತೀಯ ಶಾಲೆಗಳು, ಕ್ಲಿನಿಕ್‌ಗಳು, ಸೂಪರ್ ಮಾರ್ಕೆಟ್‌ಗಳು ಹತ್ತಿರ. ಹಸಿರು ಮಾರ್ಗದ ಮೆಟ್ರೋ ಇದೆ, ಆದರೆ ಹಲವು ಫ್ಲ್ಯಾಟುಗಳಿಂದ ನಿಲ್ದಾಣಕ್ಕೆ ನಡೆದುಹೋಗುವುದು ಕಷ್ಟ. ನಿಲ್ದಾಣಕ್ಕೆ ಒಯ್ಯುವ ಬಸ್ಸು ಮನೆ ಬಾಗಿಲಿನ ಹತ್ತಿರ ನಿಲ್ಲುತ್ತದೆಯೇ ನೋಡಿಕೊಳ್ಳಿ.

ಇದರ ದೊಡ್ಡ ತೊಂದರೆ ರಸ್ತೆ. ಶಾರ್ಜಾದಿಂದ ದುಬೈಗೆ ಬರುವ ವಾಹನಗಳ ಪ್ರವಾಹ ಬೆಳಿಗ್ಗೆ ಇದೇ ಸುತ್ತಿನಲ್ಲಿ ಹಾದುಹೋಗುತ್ತದೆ, ಸಂಜೆ ಇದೇ ದಾರಿಯಲ್ಲಿ ಮರಳುತ್ತದೆ. ಕಚೇರಿ ಹತ್ತಿರದ ದೇರಾದಲ್ಲೋ ವಿಮಾನ ನಿಲ್ದಾಣದ ಮುಕ್ತ ವ್ಯಾಪಾರ ವಲಯದಲ್ಲೋ ಇದ್ದರೆ ತೊಂದರೆಯಿಲ್ಲ. ಇಂಟರ್ನೆಟ್ ಸಿಟಿಯಲ್ಲಿ ಇದ್ದರೆ ದಿನಕ್ಕೆರಡು ಬಾರಿ ಊರಿನ ಈ ತುದಿಯಿಂದ ಆ ತುದಿಗೆ ಹೋಗಿಬರಬೇಕು.

ಚಿಕ್ಕ ಮಕ್ಕಳಿರುವ, ಒಬ್ಬರ ಸಂಬಳದಲ್ಲಿ ನಡೆಯುವ ಕುಟುಂಬಕ್ಕೆ ಒಟ್ಟು ಲೆಕ್ಕದಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ. ಕರಾಮಾದಷ್ಟು ಜೀವಂತವಲ್ಲ, ಆದರೆ ಮಕ್ಕಳಿಗೆ ಜಾಗವಿದೆ.

ಡಿಸ್ಕವರಿ ಗಾರ್ಡನ್ಸ್

ನಗರದ ದಕ್ಷಿಣ ತುದಿ, ದೇರಾದಿಂದ ಸುಮಾರು 35 ಕಿಲೋಮೀಟರ್. ತಗ್ಗು ಕಟ್ಟಡಗಳ ಗುಂಪುಗಳ ನಡುವೆ ಮರಗಳು, ಹುಲ್ಲುಹಾಸು, ಕಾಲುದಾರಿ. ಹೆಸರಿಗೆ ತಕ್ಕಂತೆ ಗಾರ್ಡನ್ ಇರುವ ಬಡಾವಣೆ ಇದು, ದುಬೈನಲ್ಲಿ ಇದೇನೂ ಸಣ್ಣ ಮಾತಲ್ಲ. ಗುಂಪುಗಳಿಗೆ ಝೆನ್, ಮೆಡಿಟರೇನಿಯನ್, ಮೊಘಲ್, ಕ್ಯಾಕ್ಟಸ್ ಎಂದೆಲ್ಲ ಹೆಸರಿಟ್ಟಿದ್ದಾರೆ. ಕಟ್ಟಡಗಳು ಮಾತ್ರ ಒಂದೇ ತಾಯಿಯ ಮಕ್ಕಳಂತೆ ಕಾಣುವುದರಿಂದ ಮೊದಲ ವಾರ ಮನೆ ಸೇರಲು ಸಂಖ್ಯೆಯೇ ಗತಿ.

2021ರಲ್ಲಿ ಕೆಂಪು ಮಾರ್ಗದ ವಿಸ್ತರಣೆ ತೆರೆದಾಗ ಈ ಬಡಾವಣೆಗೆ ತನ್ನದೇ ನಿಲ್ದಾಣ ಸಿಕ್ಕಿತು, ಅದರ ಭಾಗ್ಯವೇ ಬದಲಾಯಿತು. ಇಬ್ನ್ ಬತೂತಾ ಮಾಲ್ ಪಕ್ಕದಲ್ಲಿದೆ. ಜೆಬೆಲ್ ಅಲಿಯಲ್ಲಿ 2022ರ ಅಕ್ಟೋಬರ್‌ನಲ್ಲಿ ತೆರೆದ ಹಿಂದೂ ದೇವಾಲಯ, ಗುರುದ್ವಾರ ಮತ್ತು ಚರ್ಚುಗಳು ಒಂದೇ ಆವರಣದ ಸುತ್ತಮುತ್ತ ಇವೆ. ಬರ್ ದುಬೈನ ಹಳೆಯ ಶಿವಮಂದಿರವನ್ನು 2024ರ ಆರಂಭದಲ್ಲಿ ಮುಚ್ಚಿ ಸೇವೆಗಳನ್ನು ಇಲ್ಲಿಗೇ ವರ್ಗಾಯಿಸಿದ್ದಾರೆ. ಹಾಗಾಗಿ 'ದೇವಸ್ಥಾನ ಬೇಕೆಂದರೆ ಬರ್ ದುಬೈಯೇ' ಎಂಬ ಹಳಬರ ಸಲಹೆ ಈಗ ಮೊದಲಿನಷ್ಟು ಸರಿಯಲ್ಲ. ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಬೇಕೆನ್ನುವ ಅತ್ತೆಮಾವಂದಿರು ಮೂರು ತಿಂಗಳು ಬಂದು ಉಳಿಯುವ ಮನೆಗಳಲ್ಲಿ ಇದು ನಿಜಕ್ಕೂ ತೂಗುವ ವಿಷಯ.

ಇಲ್ಲಿನ ಕೊರತೆಯೆಂದರೆ ಮನೆಗಳ ಗಾತ್ರ. ಹೆಚ್ಚಿನವು ಸ್ಟುಡಿಯೋ ಮತ್ತು ಒಂದು ಮಲಗುವ ಕೋಣೆಯ ಮನೆಗಳು. ಎರಡು ಮಕ್ಕಳಿರುವವರಿಗೆ ಎರಡು ಕೋಣೆಯ ಮನೆ ಸಿಗುವುದು ವಿರಳ. ಅಂಗಡಿಗಳು ಕರಾಮಾದಂತೆ ಪ್ರತಿ ಕಟ್ಟಡದ ಬುಡದಲ್ಲಿ ಇಲ್ಲ. ಆದರೂ ಜೆಬೆಲ್ ಅಲಿ ಮುಕ್ತ ವಲಯ, ಮೀಡಿಯಾ ಸಿಟಿ, ಇಂಟರ್ನೆಟ್ ಸಿಟಿಗಳಲ್ಲಿ ಕೆಲಸವಿದ್ದು, ಒಂದು ಮಗುವಿದ್ದು, ಆ ಮಗುವಿಗೆ ಗಾರ್ಡನ್ಸ್‌ನ ಶಾಲೆಯಲ್ಲಿ ಸೀಟು ಸಿಕ್ಕಿದರೆ ಬೇರೆ ಯೋಚನೆ ಬೇಡ.

ಹೊಳೆಯುವ ಬಡಾವಣೆಗಳು

ದುಬೈ ಮರೀನಾದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೆಟ್ರೋ ಇದೆ, ಟ್ರಾಮ್ ಇದೆ, ಸಮುದ್ರ ಇದೆ, ಬಾಡಿಗೆಯೂ ಹಾಗೇ ಇದೆ. ಕಂಪನಿಯೇ ಬಾಡಿಗೆ ಕೊಡುವುದಾದರೆ ಸಂತೋಷವಾಗಿ ಹೋಗಿ.

ಹೆಚ್ಚು ಮಂದಿ ಮರುಳಾಗುವುದು ಜುಮೇರಾ ವಿಲೇಜ್ ಸರ್ಕಲ್‌ಗೆ, ಅಂದರೆ ಜೆವಿಸಿಗೆ. ಹೊಚ್ಚಹೊಸ ಕಟ್ಟಡ, ಚಂದದ ಅಡುಗೆಮನೆ, ಈಜುಕೊಳ. ಮರೀನಾಕ್ಕಿಂತ ಕಡಿಮೆ ಬಾಡಿಗೆಗೆ ಅದೇ ಮೆರುಗು ಸಿಕ್ಕಂತೆ ಅನಿಸುತ್ತದೆ. ಆದರೆ ಮೆಟ್ರೋ ಇಲ್ಲ, ಸುತ್ತ ಕಟ್ಟಡ ಕಾಮಗಾರಿ ನಿಂತಿಲ್ಲ, ಒಳಗೆ ಬರುವ ಹೊರಗೆ ಹೋಗುವ ದಾರಿಗಳಲ್ಲಿ ಬೆಳಿಗ್ಗೆ ಸಾಲು ಹಚ್ಚಿದ ಕಾರುಗಳು. ಗಂಡ ಹೆಂಡತಿ ಇಬ್ಬರೂ ಕಾರು ಓಡಿಸುವುದಾದರೆ ಯೋಚಿಸಬಹುದು, ಒಬ್ಬರೇ ಆದರೆ ಇನ್ನೊಬ್ಬರು ಹವಾನಿಯಂತ್ರಿತ ದ್ವೀಪದಲ್ಲಿ ಉಳಿದುಬಿಡುತ್ತಾರೆ.

ಸಿಲಿಕಾನ್ ಓಯಸಿಸ್‌ಗೂ ಸದ್ಯ ಮೆಟ್ರೋ ಇಲ್ಲ. 30 ಕಿಲೋಮೀಟರ್ ಉದ್ದದ ನೀಲಿ ಮಾರ್ಗ ಅಲ್ಲಿಗೆ ಬರಲಿದೆ, ಅದನ್ನು 2029ರ ಸೆಪ್ಟೆಂಬರ್ 9ರಂದು ತೆರೆಯುವುದಾಗಿ ಸರ್ಕಾರ ಘೋಷಿಸಿದೆ. 'ಮೆಟ್ರೋ ಬರುತ್ತಿದೆ' ಎಂದು ದಲ್ಲಾಳಿಗಳು ಈಗಲೇ ಬಾಡಿಗೆ ಏರಿಸಿ ಹೇಳುತ್ತಾರೆ. ಮನೆ ಕೊಳ್ಳುವವರಿಗೆ ಆ ಮಾತು ಸಲ್ಲುತ್ತದೆ. ಒಂದು ವರ್ಷಕ್ಕೆ ಬಾಡಿಗೆ ಹಿಡಿಯುವವರು ಬರಲಿರುವ ರೈಲಿಗೆ ಈಗ ಏಕೆ ಹಣ ಕೊಡಬೇಕು?

ಶಾರ್ಜಾ: ಅಗ್ಗವೇ ನಿಜ, ಆದರೆ ಯಾರಿಗೆ?

ದುಬೈನಲ್ಲಿ ದುಡಿದು ಶಾರ್ಜಾದಲ್ಲಿ ಮಲಗುವ ಸಂಸಾರಗಳು ಲೆಕ್ಕವಿಲ್ಲದಷ್ಟಿವೆ. ಮಂಗಳೂರು, ಉಡುಪಿ, ಭಟ್ಕಳ ಕಡೆಯಿಂದ ಬಂದವರಲ್ಲಿ ಎಷ್ಟೋ ಮಂದಿ ಮೊದಲ ಮನೆ ಮಾಡಿದ್ದು ಅಲ್ಲಿಯೇ. ಬಾಡಿಗೆ ಗಣನೀಯವಾಗಿ ಕಡಿಮೆ, ಮನೆ ದೊಡ್ಡದು, ಭಾರತೀಯ ಶಾಲೆಗಳಿವೆ, ಶುಲ್ಕವೂ ಸಾಮಾನ್ಯವಾಗಿ ಕಡಿಮೆ. 2024ರ ಹೊಸ ಕಾನೂನಿನ ಪ್ರಕಾರ ಕರಾರು ಆರಂಭವಾಗಿ ಮೂರು ವರ್ಷವಾಗುವವರೆಗೆ ಮಾಲೀಕ ಬಾಡಿಗೆ ಏರಿಸುವಂತಿಲ್ಲ. ಬಾಡಿಗೆದಾರನಿಗೆ ಇದು ದೊಡ್ಡ ಆಸರೆ.

ಲೆಕ್ಕ ಹಾಕಿಯೇ ನೋಡೋಣ. ದುಬೈನಲ್ಲಿ ವರ್ಷಕ್ಕೆ 90,000 ದಿರ್ಹಮ್ ಕೇಳುವ ಮನೆಯಂಥದ್ದು ಶಾರ್ಜಾದಲ್ಲಿ 60,000ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ದುಬೈನಲ್ಲಿ ವರ್ಷದ ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕವನ್ನು ವಿದ್ಯುತ್ ಬಿಲ್ಲಿನ ಜೊತೆ ಕಂತುಗಳಲ್ಲಿ ವಸೂಲು ಮಾಡುತ್ತಾರೆ. 90,000ಕ್ಕೆ ಅದು 4,500. ಶಾರ್ಜಾದಲ್ಲಿ ಅದೂ ಉಳಿಯಿತು ಎನ್ನಿ. ಉಳಿತಾಯ 34,500 ದಿರ್ಹಮ್.

ಈಗ ರಸ್ತೆಯ ಖರ್ಚು. ದುಬೈನ ಸಾಲಿಕ್ ಟೋಲ್ 2025ರ ಜನವರಿ ಕೊನೆಯಿಂದ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ: ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 10, ಸಂಜೆ 4ರಿಂದ 8 ಗಂಟೆವರೆಗೆ ಪ್ರತಿ ದ್ವಾರಕ್ಕೆ 6 ದಿರ್ಹಮ್, ಉಳಿದ ಹೊತ್ತಿನಲ್ಲಿ 4. ರಾತ್ರಿ 1ರಿಂದ 6ರವರೆಗೆ ಏನೂ ಇಲ್ಲ. ಶಾರ್ಜಾದಿಂದ ಇತ್ತಿಹಾದ್ ರಸ್ತೆ, ಶೇಖ್ ಝಾಯೆದ್ ರಸ್ತೆ ಹಿಡಿದು ಮೀಡಿಯಾ ಸಿಟಿಗೆ ಹೋದರೆ ಮಮ್ಝರ್, ಗರ್ಹೂದ್, ಸಫಾ, ಬರ್ಶಾ ಹೀಗೆ ನಾಲ್ಕು ಕಡೆ ಟೋಲ್. ಹೋಗಿಬರಲು 48 ದಿರ್ಹಮ್, ತಿಂಗಳಿಗೆ 22 ದಿನಕ್ಕೆ 1,056, ವರ್ಷಕ್ಕೆ ಹನ್ನೆರಡು ಸಾವಿರಕ್ಕೂ ಮೇಲೆ. ಪೆಟ್ರೋಲು ಸೇರಿಸಿದರೂ ಶಾರ್ಜಾ ಅಗ್ಗವಾಗಿಯೇ ಉಳಿಯುತ್ತದೆ, ಅದನ್ನು ಒಪ್ಪಬೇಕು. ಆದರೆ ಕರಗುವುದು ಹಣಕ್ಕಿಂತ ಹೆಚ್ಚಾಗಿ ಹೊತ್ತು. ಸಂಜೆ ಆರಕ್ಕೆ ಕಚೇರಿ ಬಿಟ್ಟವರು ಮನೆ ತಲುಪುವಷ್ಟರಲ್ಲಿ ಮಗು ಊಟ ಮುಗಿಸಿ ನಿದ್ದೆಗೆ ಜಾರಿರುತ್ತದೆ. ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆಯಲ್ಲಿ ಟೋಲ್ ತಪ್ಪಿಸಬಹುದು, ದಟ್ಟಣೆ ತಪ್ಪಿಸಲಾಗದು. ಮೆಟ್ರೋ ಶಾರ್ಜಾಕ್ಕೆ ಬರುವುದಿಲ್ಲ. ಯೂನಿಯನ್ ನಿಲ್ದಾಣಕ್ಕೆ ಹೋಗುವ ಇ303ನಂತಹ ಬಸ್ಸುಗಳಿವೆ, ಅವೂ ಅದೇ ರಸ್ತೆಯಲ್ಲೇ ನಿಲ್ಲಬೇಕು.

ಇನ್ನೊಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. 2022ರಿಂದ ಶಾರ್ಜಾದ ಸರ್ಕಾರಿ ಕಚೇರಿಗಳಿಗೂ ಶಾಲೆಗಳಿಗೂ ಶುಕ್ರವಾರ, ಶನಿವಾರ, ಭಾನುವಾರ ಮೂರು ದಿನ ರಜೆ. ದುಬೈನ ಖಾಸಗಿ ಕಚೇರಿಗಳಲ್ಲಿ ಶುಕ್ರವಾರ ಕೆಲಸವಿರುತ್ತದೆ. ತಂದೆ ತಾಯಿ ಇಬ್ಬರೂ ದುಬೈನಲ್ಲಿ ದುಡಿಯುವುದಾದರೆ ಪ್ರತಿ ಶುಕ್ರವಾರ ಮಗುವನ್ನು ನೋಡಿಕೊಳ್ಳುವವರು ಯಾರು? ಒಬ್ಬರು ಮನೆಯಲ್ಲಿದ್ದರೆ ಅದೇ ರಜೆ ವರವಾಗುತ್ತದೆ.

ಮಳೆಯನ್ನೂ ಮರೆಯಬಾರದು. 2024ರ ಏಪ್ರಿಲ್ 16ರಂದು ದೇಶದಲ್ಲಿ 75 ವರ್ಷಗಳಲ್ಲೇ ದಾಖಲೆಯಾದ ಅತಿ ಹೆಚ್ಚಿನ ಮಳೆ ಸುರಿಯಿತು. ಶಾರ್ಜಾದ ಅಲ್ ಮಜಾಝ್, ಕಾಸಿಮಿಯಾ ಕಡೆ ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ದುಬೈನಲ್ಲೂ ನಾಲ್ಕು ಮೆಟ್ರೋ ನಿಲ್ದಾಣಗಳು ವಾರಗಟ್ಟಲೆ ಮುಚ್ಚಿದ್ದವು. ಯಾವ ಮನೆ ನೋಡಿದರೂ ನಾತೂರನನ್ನು ಒಂದು ಪ್ರಶ್ನೆ ಕೇಳಿ: ಆ ಏಪ್ರಿಲ್‌ನಲ್ಲಿ ನೆಲಮಾಳಿಗೆಗೆ ನೀರು ನುಗ್ಗಿತ್ತೇ, ಲಿಫ್ಟ್ ಎಷ್ಟು ದಿನ ನಿಂತಿತ್ತು?

ನನ್ನ ತೀರ್ಪು: ಕಚೇರಿ ಶಾರ್ಜಾದಲ್ಲೇ ಇದ್ದರೆ, ಅಥವಾ ಕುಸೈಸ್, ದೇರಾ ಕಡೆಗಿದ್ದರೆ ಶಾರ್ಜಾ ಸರಿ. ಬಿಸಿನೆಸ್ ಬೇ ಬಡಾವಣೆಯನ್ನು ದಾಟಿ ದಕ್ಷಿಣಕ್ಕಿದ್ದರೆ, ಉಳಿಸಿದ ಹಣಕ್ಕಿಂತ ಕಳೆದುಕೊಂಡ ಹೊತ್ತೇ ದುಬಾರಿ.

ಬಡಾವಣೆ ಆಯಿತು, ಫ್ಲ್ಯಾಟ್ ಹೇಗೆ ನೋಡುವುದು?

ಒಂದು ಮನೆಯನ್ನು ಎರಡು ಹೊತ್ತಿನಲ್ಲಿ ನೋಡಿ. ಮಧ್ಯಾಹ್ನ ಮೂರಕ್ಕೆ ಹೋದರೆ ಪಶ್ಚಿಮದ ಗಾಜಿನ ಕಿಟಕಿ ಎಷ್ಟು ಬಿಸಿಯಾಗುತ್ತದೆಂದು ತಿಳಿಯುತ್ತದೆ. ಬೆಳಿಗ್ಗೆ ಆರೂಮುಕ್ಕಾಲಕ್ಕೆ ಹೋದರೆ ಶಾಲಾ ಬಸ್ಸು ಎಲ್ಲಿ ನಿಲ್ಲುತ್ತದೆ, ಲಿಫ್ಟಿಗೆ ಎಷ್ಟು ಹೊತ್ತು ಕಾಯಬೇಕು ಎಂಬುದು ತಿಳಿಯುತ್ತದೆ.

ಬಾಡಿಗೆ ಕೇಳಿದ ಮರುಕ್ಷಣ ಕೇಳಬೇಕಾದದ್ದು ಚಿಲ್ಲರ್ ಬಗ್ಗೆ, ಅಂದರೆ ಹವಾನಿಯಂತ್ರಣದ ಖರ್ಚಿನ ಬಗ್ಗೆ. ಕೆಲವು ಕಟ್ಟಡಗಳಲ್ಲಿ ತಂಪು ಗಾಳಿಯ ಖರ್ಚು ಮಾಲೀಕನದು, ಅದನ್ನೇ 'ಚಿಲ್ಲರ್ ಫ್ರೀ' ಎನ್ನುತ್ತಾರೆ. ಕೆಲವು ಕಡೆ ನಿಮ್ಮ ವಿದ್ಯುತ್ ಬಿಲ್ಲಿನಲ್ಲೇ ಬರುತ್ತದೆ. ಹೊಸ ಕಟ್ಟಡಗಳಲ್ಲಿ ಬಹಳಷ್ಟು ಕಡೆ ಬಡಾವಣೆಗೆಲ್ಲ ತಂಪು ನೀರು ಹರಿಸುವ ಬೇರೆಯೇ ಕಂಪನಿಯ ಬಿಲ್ಲು ಇರುತ್ತದೆ. ಅದರಲ್ಲಿ ಬಳಕೆಯ ಶುಲ್ಕದ ಜೊತೆಗೆ ಸಾಮರ್ಥ್ಯದ ಶುಲ್ಕ ಎಂಬುದೊಂದಿದೆ. ಬೇಸಿಗೆ ರಜೆಗೆ ಎರಡು ತಿಂಗಳು ಊರಿಗೆ ಹೋಗಿ ಗುಂಡಿ ಒತ್ತದಿದ್ದರೂ ಆ ಶುಲ್ಕ ನಿಲ್ಲುವುದಿಲ್ಲ. ಐದು ಸಾವಿರ ಕಡಿಮೆ ಬಾಡಿಗೆಯ ಮನೆ ವರ್ಷದ ಕೊನೆಗೆ ದುಬಾರಿಯಾಗುವುದು ಹೀಗೆ. ಹಳೆಯ ಬಾಡಿಗೆದಾರರ ಜುಲೈ ತಿಂಗಳ ಬಿಲ್ಲು ತೋರಿಸಲು ಕೇಳಿ.

ಅಡುಗೆಮನೆಗೆ ಬಾಗಿಲು ಇರಲಿ. ಹೊಸ ಮನೆಗಳಲ್ಲಿ ಹಾಲ್‌ಗೆ ತೆರೆದುಕೊಂಡ ಅಡುಗೆಮನೆಯದೇ ಫ್ಯಾಷನ್. ಮೆಣಸಿನಕಾಯಿ ಒಗ್ಗರಣೆಯೂ ಬಂಗುಡೆ ಹುರಿಯುವುದೂ ನಡೆಯುವ ಮನೆಗೆ ಅದು ಹೊಂದದು, ಕಿಟಕಿ ಮುಚ್ಚಿದ ಊರಿನಲ್ಲಂತೂ ಆ ವಾಸನೆ ಸೋಫಾದಲ್ಲೇ ಉಳಿಯುತ್ತದೆ. ಬಟ್ಟೆ ಒಣಗಿಸುವ ಜಾಗವನ್ನೂ ನೋಡಿಕೊಳ್ಳಿ, ಏಕೆಂದರೆ ಹೊರಗೆ ಕಾಣುವಂತೆ ಬಾಲ್ಕನಿಯಲ್ಲಿ ಬಟ್ಟೆ ಹರವಬಾರದೆಂದು ದುಬೈ ಪಾಲಿಕೆ ಮತ್ತೆ ಮತ್ತೆ ಎಚ್ಚರಿಸಿದೆ. ಚಿಕ್ಕ ಮಕ್ಕಳಿದ್ದರೆ ಕಿಟಕಿ ಎಷ್ಟು ತೆರೆಯುತ್ತದೆ, ಬಾಲ್ಕನಿಯ ಕಂಬಿಗೆ ಕಾಲಿಟ್ಟು ಹತ್ತಬಹುದೇ ಎಂಬುದನ್ನು ನೀವೇ ಪರೀಕ್ಷಿಸಿ.

ದುಬೈನಲ್ಲಿ ಆರೋಗ್ಯ ವಿಮೆ ಕಡ್ಡಾಯ, ಅವಲಂಬಿತರ ವಿಮೆ ಅವರನ್ನು ಕರೆಸಿಕೊಂಡವರ ಹೊಣೆ. ನಿಮ್ಮ ವಿಮೆಯ ಪಟ್ಟಿಯಲ್ಲಿರುವ ಕ್ಲಿನಿಕ್ ಮನೆಯಿಂದ ಎಷ್ಟು ದೂರ? ಕಣ್ಣೆದುರಿನ ಆಸ್ಪತ್ರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ.

ಚೆಕ್ಕು, ಎಜಾರಿ, ನೋಟಿಸು

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ತಿಂಗಳ ಬಾಡಿಗೆ ಕಟ್ಟಿ ರೂಢಿಯಾದವರಿಗೆ ಇಲ್ಲಿಯ ವ್ಯವಸ್ಥೆ ತಿರುಗುಮುರುಗು. ಠೇವಣಿ ಕಡಿಮೆ, ಸಾಮಾನ್ಯವಾಗಿ ವರ್ಷದ ಬಾಡಿಗೆಯ ಶೇ. 5, ಪೀಠೋಪಕರಣ ಇದ್ದರೆ ಶೇ. 10. ಆದರೆ ಬಾಡಿಗೆಯನ್ನು ವರ್ಷಕ್ಕೆ ಒಂದು, ಎರಡು ಅಥವಾ ನಾಲ್ಕು ಮುಂದಿನ ದಿನಾಂಕದ ಚೆಕ್ಕುಗಳಲ್ಲಿ ಕೊಡಬೇಕು. ಚೆಕ್ಕು ಕಡಿಮೆಯಾದಷ್ಟೂ ಬಾಡಿಗೆಯಲ್ಲಿ ಚೌಕಾಸಿಗೆ ಜಾಗ ಹೆಚ್ಚು. ಹೊಸದಾಗಿ ಬಂದವರಿಗೆ ಬ್ಯಾಂಕ್ ಖಾತೆ, ಚೆಕ್ ಪುಸ್ತಕ ಸಿಗಲು ತಡವಾಗುವುದರಿಂದ ಕಂಪನಿಯಿಂದ ಬಾಡಿಗೆ ಮುಂಗಡ ಸಿಗುತ್ತದೆಯೇ ಎಂದು ಕೆಲಸ ಒಪ್ಪುವ ಮೊದಲೇ ಕೇಳುವುದು ಒಳ್ಳೆಯದು.

90,000ದ ಅದೇ ಮನೆಗೆ ಬಾಡಿಗೆಯ ಹೊರತಾಗಿ ಮೊದಲ ದಿನ ಏನೇನು ಬೇಕು? ಠೇವಣಿ 4,500, ದಲ್ಲಾಳಿಗೆ ಶೇ. 5ರ ರೂಢಿಯಂತೆ 4,500 ಮತ್ತು ಅದರ ಮೇಲೆ ತೆರಿಗೆ, ದುಬೈ ವಿದ್ಯುತ್ ಮತ್ತು ನೀರು ಸಂಸ್ಥೆ ದೇವಾಗೆ ಫ್ಲ್ಯಾಟಿನ ಠೇವಣಿ 2,000, ಬಾಡಿಗೆ ಕರಾರನ್ನು ಸರ್ಕಾರದಲ್ಲಿ ದಾಖಲಿಸುವ ಎಜಾರಿ ನೋಂದಣಿಗೆ ಇನ್ನೂರು ಚಿಲ್ಲರೆ. ತಂಪಿನ ಕಂಪನಿ ಬೇರೆಯಿದ್ದರೆ ಅದಕ್ಕೂ ಠೇವಣಿ. ಹನ್ನೆರಡು ಸಾವಿರ ಬಾಡಿಗೆಯ ಆಚೆಗೆ ಕೈಯಲ್ಲಿರಲಿ.

ಚೆಕ್ಕನ್ನು ಮಾಲೀಕನ ಹೆಸರಿಗೇ ಬರೆಯಿರಿ, ಹೆಸರು ಮಾಲಿಕತ್ವದ ಪತ್ರದೊಂದಿಗೆ ತಾಳೆಯಾಗಲಿ. ದಲ್ಲಾಳಿಯ ನೋಂದಣಿಯನ್ನು ಭೂ ಇಲಾಖೆಯ 'ದುಬೈ ರೆಸ್ಟ್' ಆ್ಯಪ್‌ನಲ್ಲಿ ನೋಡಬಹುದು. 'ಇವತ್ತೇ ನಗದು ಕೊಟ್ಟರೆ ಮನೆ ನಿಮ್ಮದು' ಎನ್ನುವವನಿಗೆ ಕೈಮುಗಿದು ಹೊರಬನ್ನಿ. ಎರಡು ಕೋಣೆಯ ಮನೆ ಹಿಡಿದು ಒಂದನ್ನು ಪರಿಚಯದ ಇನ್ನೊಂದು ಸಂಸಾರಕ್ಕೆ ಕೊಟ್ಟು ಬಾಡಿಗೆ ಹಂಚಿಕೊಳ್ಳೋಣ ಎಂಬ ಯೋಚನೆ ನಮ್ಮವರಲ್ಲಿ ಬೇಗ ಹುಟ್ಟುತ್ತದೆ. ಮಾಲೀಕನ ಲಿಖಿತ ಒಪ್ಪಿಗೆಯಿಲ್ಲದೆ, ಮನೆಯಲ್ಲಿರುವವರನ್ನೆಲ್ಲ ನೋಂದಾಯಿಸದೆ ಅದಕ್ಕೆ ಕೈಹಾಕಬೇಡಿ.

ಮುಂದಿನ ವರ್ಷ ಬಾಡಿಗೆ ಎಷ್ಟು ಏರಬಹುದು ಎಂಬುದು ಮಾಲೀಕನ ಇಚ್ಛೆಗೆ ಬಿಟ್ಟದ್ದಲ್ಲ. ದುಬೈನ 2013ರ 43ನೇ ಆದೇಶದ ಪ್ರಕಾರ ನಿಮ್ಮ ಬಾಡಿಗೆ ಮಾರುಕಟ್ಟೆ ದರಕ್ಕಿಂತ ಶೇ. 10ರವರೆಗೆ ಕಡಿಮೆಯಿದ್ದರೆ ಏರಿಸುವಂತಿಲ್ಲ. ಶೇ. 11ರಿಂದ 20ರಷ್ಟು ಕಡಿಮೆಯಿದ್ದರೆ ಶೇ. 5, 21ರಿಂದ 30 ಆದರೆ ಶೇ. 10, 31ರಿಂದ 40 ಆದರೆ ಶೇ. 15, ಅದಕ್ಕೂ ಮೇಲಾದರೆ ಶೇ. 20, ಅಷ್ಟೇ ಮಿತಿ. ಮಾರುಕಟ್ಟೆ ದರವನ್ನು ತೋರಿಸುವ ಸೂಚ್ಯಂಕ 2025ರ ಜನವರಿಯಿಂದ ಪ್ರತಿ ಕಟ್ಟಡದ ಗುಣಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಈ ರಕ್ಷಣೆ ಮನೆಯಲ್ಲಿ ಈಗಾಗಲೇ ಇರುವವರಿಗೆ, ಹೊಸ ಕರಾರಿಗೆ ಅಲ್ಲ. ಆದ್ದರಿಂದ ಸಹಿ ಹಾಕುವ ಮೊದಲೇ ಸೂಚ್ಯಂಕ ನೋಡಿ. ತೀರಾ ಅಗ್ಗಕ್ಕೆ ಸಿಕ್ಕ ಮನೆಯ ಬಾಡಿಗೆ ಮರುವರ್ಷ ಕಾನೂನುಬದ್ಧವಾಗಿಯೇ ಜಿಗಿಯಬಹುದು, ಸೂಚ್ಯಂಕದ ಆಸುಪಾಸಿನ ಬಾಡಿಗೆ ಅಲುಗಾಡದೆ ನಿಲ್ಲಬಹುದು. ಮಾಲೀಕ ತಾನೇ ವಾಸಿಸಲು ಅಥವಾ ಮಾರಲು ಮನೆ ಬಿಡಿಸಬೇಕೆಂದರೆ ನೋಟರಿ ಅಥವಾ ನೋಂದಾಯಿತ ಅಂಚೆಯ ಮೂಲಕ ಹನ್ನೆರಡು ತಿಂಗಳ ನೋಟಿಸು ಕೊಡಬೇಕು; ವಾಟ್ಸ್‌ಆ್ಯಪ್ ಸಂದೇಶಕ್ಕೆ ಹೆದರಿ ಗಂಟುಮೂಟೆ ಕಟ್ಟಬೇಕಿಲ್ಲ.

ಬಾಡಿಗೆ ಏರಿಸಲು, ಕರಾರಿನ ಷರತ್ತು ಬದಲಿಸಲು ಕರಾರು ಮುಗಿಯುವುದಕ್ಕೆ 90 ದಿನ ಮೊದಲೇ ತಿಳಿಸಬೇಕೆಂಬುದು ಇನ್ನೊಂದು ನಿಯಮ, ಕರಾರಿನಲ್ಲಿ ಬೇರೆ ರೀತಿ ಬರೆದುಕೊಂಡಿರದಿದ್ದರೆ. ಎಜಾರಿ ಪತ್ರ ಕೈಗೆ ಬಂದ ದಿನವೇ ಅದರ ಕೊನೆಯ ದಿನಾಂಕದಿಂದ ಹಿಂದಕ್ಕೆ ತೊಂಬತ್ತು ದಿನ ಎಣಿಸಿ ಮೊಬೈಲಿನಲ್ಲಿ ಗುರುತು ಹಾಕಿಡಿ. ಆ ದಿನ ದಾಟುವವರೆಗೆ ನವೀಕರಣದ ಬಗ್ಗೆ ಮಾಲೀಕನಿಗೆ ನೀವಾಗಿಯೇ ಫೋನ್ ಮಾಡಬೇಡಿ.